ನಡತೆ: ಉತ್ತಮ

“ಸರ್, ಒಂದ್ ಲೆಟರ್ ಬೇಕಾಗಿತ್ರಿ.”

“ಯಾವ ಲೆಟರ್?”

“ನಾ ಛಲೋ ಹುಡುಗಿ ಅಂತ ನೀವು ಬರದ್ ಕೊಡೂ ಲೆಟರ್ ರೀ.”

ಫೋನಿನ ಆ ಕಡೆ ದಾಂಡೇಲಿ ಬಸ್ ನಿಲ್ದಾಣದ ಗದ್ದಲ. ನಾನು ನಕ್ಕುಬಿಟ್ಟೆ. ಹಳಿಯಾಳ-ದಾಂಡೇಲಿ ಸೀಮೆಯಲ್ಲಿ ಇಂಗ್ಲಿಷ್ ಪಾಠ ಹೇಳಿಯೇ ತಲೆ ಬೆಳ್ಳಗಾದವನು ನಾನು. ಇಂಥ ಪತ್ರಗಳನ್ನು ನೂರಾರು ಕೊಟ್ಟಿದ್ದೇನೆ. ಹುಡುಗಿ ಜೋಯಿಡಾದಿಂದ ಆಚೆ, ಉಳವಿ ರಸ್ತೆಯ ಒಳಗಿನ ಒಂದು ಹಳ್ಳಿಯವಳು. ನನ್ನ ತರಗತಿಯಲ್ಲಿ ಎರಡು ವರ್ಷ ಕೂತಿದ್ದಳು. ಬಿ.ಎಸ್ಸಿ. ಮುಗಿಸಿ, ಎರಡು ವರ್ಷ ಕಾಡಿನಲ್ಲಿ ಗಿಡಮರ ಎಣಿಸುವ ಕೆಲಸ ಮಾಡಿ, ಈಗ ಯುರೋಪಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವಳಿದ್ದಳು. ಪಾಠ ಮಾಡಿದ ಇಬ್ಬರಿಂದ ಪತ್ರ ಬೇಕು, ಕಡೆಯ ದಿನಕ್ಕೆ ಹನ್ನೊಂದು ದಿನ ಉಳಿದಿದೆ. ಇಷ್ಟು ವರ್ಷ ಎಲ್ಲರಿಗೂ ಏನು ಹೇಳುತ್ತಿದ್ದೆನೋ ಅದನ್ನೇ ಇವಳಿಗೂ ಹೇಳಿದೆ. “ನೀನ ಬರ್ಕೊಂಡ್ ಬಾ, ನಾ ಸಹಿ ಹಾಕ್ತೀನಿ.”

ಆ ಕಡೆ ಸ್ವಲ್ಪ ಹೊತ್ತು ಬಸ್ಸಿನ ಹಾರ್ನ್ ಮಾತ್ರ ಕೇಳಿಸಿತು. ಆಮೇಲೆ, “ನನ್ನ ಬಗ್ಗೆ ನಾನ ಹೆಂಗ್ ಬರೀಲ್ರಿ ಸರ್? ನೀವು ನೋಡಿದ್ದು ನಿಮಗ ಗೊತ್ತು.”

ಅಧಿಕಪ್ರಸಂಗ ಅನ್ನಿಸಿತು. ಫೋನ್ ಇಟ್ಟ ಮೇಲೆ, ಅಲ್ಲ, ಪ್ರಶ್ನೆಯಲ್ಲಿ ತಪ್ಪೇನಿದೆ ಅನ್ನಿಸಿತು.

ನಮ್ಮ ಕಡೆ ‘ಶಿಫಾರಸು’ ಎಂಬ ಪದಕ್ಕೇ ಒಳ್ಳೆಯ ವಾಸನೆಯಿಲ್ಲ. ಪಾರಸಿಯಿಂದ ಬಂದ ಈ ಪದ ‘ವಶೀಲಿ’ಯ ಜೋಡಿಯಾಗಿಯೇ ಓಡಾಡುತ್ತದೆ. ‘ವಶೀಲಿ ಹಚ್ಚಿದ’ ಎಂದರೆ ಯೋಗ್ಯತೆ ಇಲ್ಲದೆಯೂ ಗಿಟ್ಟಿಸಿಕೊಂಡ ಎಂದೇ ಅರ್ಥ. ನಾನು ಪಿಯುಸಿಗೆ ಸೇರುವಾಗ ಅಪ್ಪ ಊರಿನ ದೊಡ್ಡ ಮನುಷ್ಯರೊಬ್ಬರಿಂದ ಚೀಟಿ ತಂದಿದ್ದರು. ನಾಲ್ಕಾಗಿ ಮಡಚಿದ ಆ ಚೀಟಿಯನ್ನು ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು ಕಾಲೇಜಿನವರೆಗೆ ಬಂದರು. ಅದರಲ್ಲಿ ನನ್ನ ಹೆಸರಿನ ಬದಲು ನನ್ನ ದೊಡ್ಡಪ್ಪನ ಮಗನ ಹೆಸರಿತ್ತು! ಸೀಟು ಸಿಕ್ಕಿದ್ದು ಮಾತ್ರ ನನಗೇ. ಬರೆದವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ, ಓದಿದವರಿಗೆ ಅದು ಬೇಕಾಗಿಯೂ ಇರಲಿಲ್ಲ. ಅಡಿಯಲ್ಲಿ ಸಹಿ ಯಾರದ್ದು ಎಂಬುದೊಂದೇ ಆ ಚೀಟಿಯ ತಿರುಳು.

ಈ ಚೀಟಿಗಳ ಕಾಟಕ್ಕೆ ಮದ್ದಾಗಿ ಬಂದದ್ದು ಪರೀಕ್ಷೆ. ವೃತ್ತಿ ಕಾಲೇಜುಗಳ ಸೀಟು ಹಂಚಿಕೆಯ ಕುರಿತು 1993ರಲ್ಲಿ ಸುಪ್ರೀಂ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು ಬಂತು. ಅದರ ಬೆನ್ನಿಗೆ 1994ರಲ್ಲಿ ಕರ್ನಾಟಕ ಸಿಇಟಿ ತಂದಿತು. ಮುಂಡಗೋಡದ ರೈತನ ಮಗಳಿಗೂ ಬೆಂಗಳೂರಿನ ಅಧಿಕಾರಿಯ ಮಗನಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ರ‍್ಯಾಂಕ್ ಪಟ್ಟಿ. ಅದರಲ್ಲಿ ಗೌಡರ ಚೀಟಿಗೆ ಜಾಗವಿಲ್ಲ, ಗುರುಗಳ ಮಾತಿಗೂ ಜಾಗವಿಲ್ಲ. ನನಗೆ ಇದರ ಬಗ್ಗೆ ತಕರಾರಿಲ್ಲ. ವಶೀಲಿ ಇಲ್ಲದ ಎಷ್ಟೋ ಮಕ್ಕಳು ಆ ಬಾಗಿಲಿನಿಂದಲೇ ಒಳಗೆ ಹೋದರು. 2004ರಲ್ಲಿ ಹಳಿಯಾಳದಲ್ಲಿಯೇ ಎಂಜಿನಿಯರಿಂಗ್ ಕಾಲೇಜು ಶುರುವಾದ ಮೇಲೆ ಆ ಬಾಗಿಲು ಇನ್ನೂ ಹತ್ತಿರವಾಯಿತು. ಆದರೆ ವಿದ್ಯಾರ್ಥಿಯ ಬಗ್ಗೆ ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆಯುವ ಅಭ್ಯಾಸ ಮಾಸ್ತರಿಗೆ ತಪ್ಪಿಹೋಯಿತು. ಅಥವಾ ಆ ಅಭ್ಯಾಸ ಹುಟ್ಟಲೇ ಇಲ್ಲ ಎನ್ನಬೇಕೇನೋ.

ಹಾಗೆಂದು ಶಾಲೆಯಿಂದ ಕಾಗದ ಬೇಡವೆಂದಲ್ಲ. ಬೇಕಾದ ಕಾಗದಗಳ ಲೆಕ್ಕ ಕೇಳಿ. ಎಲ್‌ಸಿ ಬೇಕು, ಬೋನಾಫೈಡ್ ಬೇಕು, ಕ್ಯಾರೆಕ್ಟರ್ ಸರ್ಟಿಫಿಕೇಟ್ ಬೇಕು. ಸಿಇಟಿಯಲ್ಲಿ ಶೇ 15ರ ಗ್ರಾಮೀಣ ಮೀಸಲಾತಿ ಬೇಕಿದ್ದರೆ ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದ್ದಕ್ಕೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ ಮೇಲುಸಹಿ. ಶೇ 5ರ ಕನ್ನಡ ಮಾಧ್ಯಮದ ಮೀಸಲಾತಿಗೆ ಇನ್ನೊಂದು ಕಾಗದ. ಜೋಯಿಡಾದ ಒಳಗಿನ ಮಗುವೆಂದರೆ ಕಿರಿಯ ಪ್ರಾಥಮಿಕ ಒಂದೂರಲ್ಲಿ, ಹಿರಿಯ ಪ್ರಾಥಮಿಕ ಇನ್ನೊಂದೂರಲ್ಲಿ, ಹೈಸ್ಕೂಲು ಕುಂಬಾರವಾಡಾದಲ್ಲೋ ರಾಮನಗರದಲ್ಲೋ. ಮೂರು ಶಾಲೆ, ಮೂವರು ಹೆಡ್‌ಮಾಸ್ತರರು, ನಡುವೆ ದಿನಕ್ಕೆರಡು ಬಸ್ಸು. ಮೇ ತಿಂಗಳ ಬಿಸಿಲಿನಲ್ಲಿ ಈ ಸಹಿಯಾತ್ರೆ ಮುಗಿಸಿ ಬರುವ ತಂದೆಯರನ್ನು ಎಷ್ಟೋ ಸಲ ನೋಡಿದ್ದೇನೆ. ಮಕ್ಕಳ ದಾಖಲೆಯೆಲ್ಲ ಕಂಪ್ಯೂಟರಿಗೆ ಬಂದ ಮೇಲೆ ಈ ತಿರುಗಾಟ ಎಷ್ಟೋ ಕಡಿಮೆಯಾಗಿದೆ.

ನಮ್ಮ ಸೀಮೆಯಲ್ಲಿ ಕಾಗದಕ್ಕೆ ಮನುಷ್ಯನಿಗಿಂತ ಹೆಚ್ಚು ತೂಕ. ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡುವ ಮಗು ನಾಲ್ಕು ವರ್ಷ ಮರಾಠಿ ಶಾಲೆಗೆ ಹೋಗಿ, ಆಮೇಲೆ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿದರೂ ಕನ್ನಡ ಮಾಧ್ಯಮದ ಪಟ್ಟಿಯಲ್ಲಿಲ್ಲ. ದಾಂಡೇಲಿ ನಗರಸಭೆಯ ಗಡಿಯೊಳಗಿನ ಶಾಲೆಯಲ್ಲಿ ಓದಿದ ಕೂಲಿಕಾರನ ಮಗ ಗ್ರಾಮೀಣನಲ್ಲ, ಗಡಿಯಾಚೆ ಪಂಚಾಯಿತಿ ಶಾಲೆಯಲ್ಲಿ ಓದಿದ ತೋಟದ ಧಣಿಯ ಮಗ ಗ್ರಾಮೀಣ. 2003ರಲ್ಲಿ ಜಾರಿಗೆ ಬಂದ ಒಂದೇ ಕಾಯ್ದೆ ಉತ್ತರ ಕನ್ನಡದ ಸಿದ್ದಿಗಳನ್ನೂ ಗೋವಾದ ಕುಣಬಿಗಳನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಘಟ್ಟದ ಈಚೆ, ಜೋಯಿಡಾದ ಕುಣಬಿಗಳು ಅದರಲ್ಲಿರಲಿಲ್ಲ. ಇನ್ನು ತಾಲ್ಲೂಕಿಗೇ ಹೆಸರು ಕೊಟ್ಟಿದ್ದ ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಹೋಯಿತು. ಅಲ್ಲಿ ಓದಿದ ಅಜ್ಜಂದಿರ ಎಲ್‌ಸಿಯಲ್ಲಿ ಮಾತ್ರ ಸೂಪಾ ಇನ್ನೂ ಒಣಗಿದ ನೆಲದ ಮೇಲಿದೆ.

ಇಷ್ಟು ಕಾಗದಗಳಲ್ಲಿ ಮಗು ಎಂಥದ್ದು ಎಂದು ಹೇಳುವ ಜಾಗ ಒಂದೇ ಒಂದು. ಎಲ್‌ಸಿಯ ಅಡಿಭಾಗದಲ್ಲಿ ‘ನಡತೆ’ ಎಂಬ ಕಲಂ. ಅದರ ಮುಂದೆ ಒಂದೇ ಪದ, ‘ಉತ್ತಮ’. ನನ್ನದರಲ್ಲೂ ಅದೇ. ಬೆಂಚಿನ ಮೇಲೆ ಚಾಕುವಿನಿಂದ ಹೆಸರು ಕೆತ್ತಿ ಮೂರು ದಿನ ತರಗತಿಯ ಹೊರಗೆ ನಿಂತಿದ್ದ ನನ್ನ ಗೆಳೆಯನದರಲ್ಲೂ ಅದೇ. ಕ್ಯಾರೆಕ್ಟರ್ ಸರ್ಟಿಫಿಕೇಟ್ ಎಂದರೆ ಅಚ್ಚು ಹಾಕಿಸಿಟ್ಟ ಪುಸ್ತಕ. ಹೆಸರು, ವರ್ಷ ತುಂಬಿ ಹರಿದು ಕೊಡುವುದು, ಗೋಲು ಶಿಕ್ಕಾ ಒತ್ತುವುದು. ‘ನನಗೆ ತಿಳಿದ ಮಟ್ಟಿಗೆ’ ಎಂಬ ಮಾತು ಅದರಲ್ಲಿ ಇದ್ದೇ ಇರುತ್ತದೆ. ಎಷ್ಟು ತಿಳಿದಿದೆ ಎಂದು ಯಾರೂ ಕೇಳುವುದಿಲ್ಲ.

ಹೀಗಾಗಿ ನಿಜವಾದ ಶಿಫಾರಸು ಪತ್ರ ಬರೆಯಬೇಕಾಗಿ ಬಂದಾಗಲೂ ನಾವು ಬರೆಯುವುದು ಅದೇ ಅಚ್ಚಿನ ಪುಸ್ತಕವನ್ನು, ಸ್ವಲ್ಪ ಉದ್ದ ಮಾಡಿ. ಶ್ರದ್ಧೆಯುಳ್ಳವಳು, ಸಮಯಕ್ಕೆ ಸರಿಯಾಗಿ ಬರುವವಳು, ವಿನಯವಂತೆ, ಹೇಳಿದ ಮಾತು ಕೇಳುವವಳು. ಈ ಕೊನೆಯದಂತೂ ನಮಗೆ ಬಲು ಪ್ರೀತಿ. ಐದನೇ ತರಗತಿಯಲ್ಲಿ ರಜಾ ಅರ್ಜಿ ಕಲಿಸುವಾಗಲೇ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಬರೆಸುತ್ತೇವೆ. ಹತ್ತು ವರ್ಷದ ನಂತರ ಅದೇ ವಿಧೇಯತೆಯನ್ನು ಹೊಗಳಿಕೆಯಾಗಿ ಅವರಿಗೆ ಹಿಂತಿರುಗಿಸುತ್ತೇವೆ. ಆಮ್‌ಸ್ಟರ್‌ಡ್ಯಾಮಿನಲ್ಲೋ ಬರ್ಲಿನ್ನಿನಲ್ಲೋ ಕೂತು ಈ ಪತ್ರ ಓದುವವರಿಗೆ ಇದರಿಂದ ಏನು ತಿಳಿಯಬೇಕು? ಹೇಳಿದಷ್ಟೇ ಮಾಡುವವಳು ಎಂದು ತಿಳಿಯಬಹುದು. ಸಂಶೋಧನೆಗೆ ಬೇಕಾದದ್ದು ಅದಲ್ಲವಲ್ಲ.

ಪತ್ರದ ಪದ್ಧತಿ ಹೊರದೇಶದಲ್ಲಿಯೂ ಹುಟ್ಟಿನಿಂದ ಪವಿತ್ರವಾದದ್ದಲ್ಲ. ಅಮೆರಿಕದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳಲ್ಲಿ 1920ರ ದಶಕದಲ್ಲಿ ಪರೀಕ್ಷೆಯ ಅಂಕದ ಬಲದಿಂದ ಯಹೂದಿ ಹುಡುಗರು ಹೆಚ್ಚಾಗಿ ಬರತೊಡಗಿದರು. ಆಗ ಅಲ್ಲಿಯ ದೊಡ್ಡವರಿಗೆ ದಿಗಿಲಾಯಿತು. ಅಂಕವೊಂದೇ ಸಾಲದು, ‘ಚಾರಿತ್ರ್ಯ’ ನೋಡಬೇಕು, ಪರಿಚಯಸ್ಥರ ಪತ್ರ ನೋಡಬೇಕು, ಸಂದರ್ಶನ ಮಾಡಬೇಕು ಎಂಬ ಏರ್ಪಾಡು ಬಲಗೊಂಡದ್ದು ಆ ಹೊತ್ತಿನಲ್ಲಿ. ಜೆರೋಮ್ ಕ್ಯಾರಬೆಲ್ ಎಂಬ ಸಮಾಜಶಾಸ್ತ್ರಜ್ಞ ಇದನ್ನೆಲ್ಲ ದಾಖಲೆ ಸಮೇತ ದೊಡ್ಡ ಪುಸ್ತಕವಾಗಿ 2005ರಲ್ಲಿ ತಂದಿದ್ದಾರೆ. ನಾವು ಚೀಟಿಯ ಕಾಟ ತಪ್ಪಿಸಲು ಪರೀಕ್ಷೆ ತಂದೆವು, ಅವರು ಪರೀಕ್ಷೆಯ ಫಲ ತಪ್ಪಿಸಲು ಚೀಟಿ ತಂದರು. ಇವತ್ತು ಅದೇ ಪತ್ರವನ್ನು ಅಂಕಪಟ್ಟಿಯಲ್ಲಿ ಕಾಣದ ಮಗುವನ್ನು ಹುಡುಕುವ ದೀಪ ಎನ್ನುತ್ತಾರೆ. ಯಾರ ಕೈಯಲ್ಲಿದೆ ಎಂಬುದರ ಮೇಲೆ ದೀಪದ ಗುಣ.

ಪತ್ರವೊಂದು ಕೆಲಸ ಮಾಡಿದ ಕಥೆಗಳಿಗೆ ಬರವಿಲ್ಲ. ಗಣಿತಜ್ಞ ಜಾನ್ ನ್ಯಾಶ್ 1948ರಲ್ಲಿ ಪ್ರಿನ್ಸ್‌ಟನ್ನಿಗೆ ಅರ್ಜಿ ಹಾಕಿದಾಗ ಅವರ ಗುರು ರಿಚರ್ಡ್ ಡಫಿನ್ ಬರೆದದ್ದು ಕೆಲವೇ ಸಾಲು. ಹುಡುಗನಿಗೆ ಹತ್ತೊಂಬತ್ತು, ಈ ವರ್ಷ ಓದು ಮುಗಿಯುತ್ತದೆ, ಗಣಿತದಲ್ಲಿ ಇವನು ಮಹಾ ಪ್ರತಿಭೆ. ಮುಗಿಯಿತು. ಇದನ್ನು ಹೇಳಿದಾಗಲೆಲ್ಲ ನನ್ನ ಕಿರಿಯ ಸಹೋದ್ಯೋಗಿಗಳಿಗೆ ಖುಷಿ, ಮೂರು ಸಾಲು ಸಾಕಲ್ಲ ಎಂದು! ಸಾಕು, ಕೇಳಿಕೊಂಡು ಬಂದವನು ನ್ಯಾಶ್ ಆಗಿದ್ದರೆ.

ನನಗೆ ಇದಕ್ಕಿಂತ ಹತ್ತಿರವಾದದ್ದು ಮುಂಬಯಿಯ ಕಥೆ. ವಿಲ್ಸನ್ ಹೈಸ್ಕೂಲಿನ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮಾಸ್ತರರು ಸಂಜೆ ಚರ್ನಿ ರೋಡಿನ ತೋಟಕ್ಕೆ ಓದಲು ಹೋಗುತ್ತಿದ್ದರು. ಅಲ್ಲಿ ದಿನವೂ ಪುಸ್ತಕ ಹಿಡಿದು ಕೂರುವ ಒಬ್ಬ ಹುಡುಗನನ್ನು ಕಂಡರು. ಅವನು ಅವರ ಶಾಲೆಯವನಲ್ಲ, ಎಲ್ಫಿನ್‌ಸ್ಟನ್ ಹೈಸ್ಕೂಲಿನವನು. ಅವನೇ ಭೀಮರಾವ್ ಅಂಬೇಡ್ಕರ್. 1907ರಲ್ಲಿ ಅವರು ಮೆಟ್ರಿಕ್ ಪಾಸಾದಾಗ ನಡೆದ ಸನ್ಮಾನದಲ್ಲಿ ಕೇಳುಸ್ಕರ್ ತಾವು ಮರಾಠಿಯಲ್ಲಿ ಬರೆದ ಬುದ್ಧ ಚರಿತ್ರೆಯ ಪ್ರತಿ ಕೊಟ್ಟರು. ಮುಂದೆ ಓದಿಗೆ ದುಡ್ಡಿಲ್ಲದಾಗ ಬರೋಡೆಯ ಸಯಾಜಿರಾವ್ ಗಾಯಕವಾಡರ ಮುಂದೆ ಇವರ ಪರ ಮಾತನಾಡಿದವರೂ ಕೇಳುಸ್ಕರರೇ. ತಿಂಗಳಿಗೆ 25 ರೂಪಾಯಿಯ ವಿದ್ಯಾರ್ಥಿವೇತನ ಸಿಕ್ಕಿತು. 1913ರಲ್ಲಿ ಅದೇ ಬರೋಡೆಯ ನೆರವಿನಿಂದ ಕೊಲಂಬಿಯಾ. ಹುಡುಗ ತಾನಾಗಿ ಬಂದು ಕೇಳಿರಲಿಲ್ಲ. ಮಾಸ್ತರರು ಕಣ್ಣಾರೆ ನೋಡಿದ್ದರು, ನೋಡಿದ್ದನ್ನು ಹೇಳಬೇಕಾದ ಕಡೆ ಹೇಳಿದರು.

ನಮ್ಮ ಕಡೆಯೂ ಹೀಗೆ ನೋಡಿ ಆರಿಸಿದ್ದುಂಟು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳಿಗಾಗಿಯೇ ಒಂದು ಯೋಜನೆ ತಂದರು. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಸಿದ್ದಿವಾಡೆಗಳ ಮಕ್ಕಳು ಓಡಿದರು, ಹಾರಿದರು. ಗಡಿಯಾರ ಹಿಡಿದವರು ನೋಡಿ ಆರಿಸಿ ತರಬೇತಿಗೆ ಕರೆದುಕೊಂಡು ಹೋದರು. ಕಮಲಾ ಸಿದ್ದಿಯಂಥವರು ಬೆಳಕಿಗೆ ಬಂದದ್ದು ಹಾಗೆ. ಯಾವ ಲೆಟರ್‌ಹೆಡ್ಡೂ ಬೇಕಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು, ಅದು ಬೇರೆ ಸಂಕಟ. ಓದಿನಲ್ಲಿ ಓಡುವ ಮಗುವಿಗೆ ಗಡಿಯಾರ ಹಿಡಿಯುವವರು ಯಾರು? ಪರಿಶಿಷ್ಟ ಪಂಗಡದ ಮಕ್ಕಳು ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರ ವರ್ಷಕ್ಕೆ 20 ವಿದ್ಯಾರ್ಥಿವೇತನ ಇಟ್ಟಿದೆ, ಇಡೀ ದೇಶಕ್ಕೆ. ಹೀಗೊಂದು ಇದೆ ಎಂದು ಸಿದ್ದಿವಾಡೆಯ ಹುಡುಗನಿಗೆ ಯಾರಾದರೂ ಹೇಳಬೇಕಲ್ಲ. ಮಾಸ್ತರರು ಹೇಳದಿದ್ದರೆ ಇನ್ನಾರೂ ಹೇಳುವುದಿಲ್ಲ.

ಈ ವಿಷಯದಲ್ಲಿ ಮುಂಡಗೋಡದ ಟಿಬೆಟನ್ನರು ನಮಗಿಂತ ಮುಂದೆ. 1966ರಲ್ಲಿ ಇಲ್ಲಿಗೆ ಬಂದು ಕಾಡು ಕಡಿದು ಕ್ಯಾಂಪು ಕಟ್ಟಿದವರಿಗೆ ಕಾಗದವೆಂದರೆ ಉಸಿರು. ಅವರ ಮಕ್ಕಳು 1988ರಿಂದಲೇ ಇರುವ ವಿದ್ಯಾರ್ಥಿವೇತನವೊಂದರಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಿದ್ದಾರೆ. ಹೋಗಿ ಬಂದ ಅಕ್ಕ ತಂಗಿಗೆ ಹೇಳಿಕೊಡುತ್ತಾಳೆ, ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು, ಏನು ಕೊಟ್ಟು ಕೇಳಬೇಕು. ಪರಿಚಯದ ಟಿಬೆಟನ್ ಹುಡುಗಿಯೊಬ್ಬಳು ಪತ್ರ ಕೇಳಲು ಬಂದಾಗ ಒಂದು ಹಾಳೆ ತಂದಿದ್ದಳು. ನನ್ನ ಬಳಿ ಯಾವ ವರ್ಷ ಓದಿದಳು, ಯಾವ ಪ್ರಬಂಧ ಬರೆದಳು, ನಾನು ಅದಕ್ಕೆ ಕೆಂಪು ಶಾಯಿಯಲ್ಲಿ ಏನು ಬರೆದಿದ್ದೆ, ಈಗ ಏನು ಓದಬೇಕೆಂದಿದ್ದಾಳೆ, ಯಾಕೆ, ಎಲ್ಲ ಅರ್ಧ ಪುಟದಲ್ಲಿ. ಜೊತೆಗೆ ಆ ಹಳೆಯ ಪ್ರಬಂಧದ ಜೆರಾಕ್ಸ್. ಕಡೆಯ ದಿನಕ್ಕೆ ಒಂದೂವರೆ ತಿಂಗಳಿತ್ತು. “ನಿಮಗೆ ಬರೆಯಲು ಮನಸ್ಸಿಲ್ಲದಿದ್ದರೆ ಹೇಳಿಬಿಡಿ ಸರ್, ಬೇಜಾರಿಲ್ಲ” ಎಂದೂ ಹೇಳಿದಳು. ಇಷ್ಟು ಚೊಕ್ಕವಾಗಿ ಕೇಳಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಮ್ಮ ಮಕ್ಕಳು ಕೇಳುವ ರೀತಿ ಬೇರೆ. ಮೊದಲು ಕೇಳುವುದೇ ಇಲ್ಲ. ಗುರುಗಳ ಹತ್ತಿರ ಏನನ್ನಾದರೂ ಕೇಳುವುದೆಂದರೆ ಋಣದ ಮೇಲೆ ಋಣ ಎಂಬ ಅಳುಕು. ಆಮೇಲೆ ಕಡೆಯ ದಿನದ ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ‘ಸರ್ ಪ್ಲೀಸ್’ ಎಂದು ಒಂದು ಲಿಂಕ್. ಯಾರನ್ನು ಕೇಳಬೇಕು ಎಂಬುದೂ ತಪ್ಪುವುದು ಇಲ್ಲಿಯೇ. ಪ್ರಾಂಶುಪಾಲರ ಸಹಿಯಿದ್ದರೆ ತೂಕ ಎಂದು ಅವರ ಕೋಣೆಯ ಮುಂದೆ ನಿಲ್ಲುತ್ತಾರೆ. ಪ್ರಾಂಶುಪಾಲರು ಪಾಪ, ಇವರನ್ನು ನೋಡಿರುವುದು ಸ್ವಾತಂತ್ರ್ಯ ದಿನದ ಸಾಲಿನಲ್ಲಿ. ಅಪ್ಪನ ಕಾಲದ ಚೀಟಿಯ ಲೆಕ್ಕವೇ ಮುಂದುವರಿದಿದೆ, ಬರೆದಿದ್ದೇನು ಎಂಬುದಕ್ಕಿಂತ ಬರೆದವರು ಯಾರು ಎಂಬುದು. ಪ್ರಯೋಗಾಲಯದಲ್ಲಿ ಪಕ್ಕದಲ್ಲಿ ನಿಂತು ಇವರ ಕೈ ನೋಡಿದ ಮೇಷ್ಟ್ರ ಬಳಿ ಹೋದರೆ ಅರ್ಧ ಪುಟದಷ್ಟಾದರೂ ನಿಜ ಸಿಗುತ್ತದೆ.

ಅಧ್ಯಾಪಕರ ಕಡೆಯ ತಪ್ಪು ಇದಕ್ಕಿಂತ ದೊಡ್ಡದು. ‘ಡ್ರಾಫ್ಟ್ ನೀನೇ ತಗೊಂಡ್ ಬಾ’ ಎಂಬುದು ಕರ್ನಾಟಕದ ಕಾಲೇಜುಗಳಲ್ಲಿ ಬೆಳಗಿನ ಪ್ರಾರ್ಥನೆಯಷ್ಟೇ ಸಹಜ. ಹುಡುಗ ಸೀನಿಯರ್‌ನ ಪತ್ರ ಇಸಿದುಕೊಂಡು ಹೆಸರು ಬದಲಿಸುತ್ತಾನೆ. ಒಮ್ಮೆ ಹಾಗೆ ಬಂದ ಪತ್ರಕ್ಕೆ ಓದದೆ ಸಹಿ ಹಾಕಿ, ನಾನು ಒಬ್ಬ ಹುಡುಗನನ್ನು ಎರಡು ಕಡೆ ‘ಅವಳು’ ಎಂದು ಕಳಿಸಿದ್ದೇನೆ. ಅವನಿಗೆ ಆ ಸೀಟು ಸಿಗಲಿಲ್ಲ. ಕಾರಣ ಅದೇ ಇರಬೇಕೆಂದಿಲ್ಲ, ಆದರೆ ಅದೇ ಎಂದು ನನಗೆ ಅನ್ನಿಸದ ದಿನವಿಲ್ಲ. ಈಗ ಸೀನಿಯರ್‌ನ ಪತ್ರವೂ ಬೇಡ, ಮೊಬೈಲನ್ನು ಕೇಳಿದರೆ ಅದೇ ಬರೆದುಕೊಡುತ್ತದೆ. ಇಂಗ್ಲಿಷ್ ಚೊಕ್ಕ, ವ್ಯಾಕರಣ ಚೊಕ್ಕ. ಓದಿದರೆ ಹಳಿಯಾಳದ ಹುಡುಗನೂ ಹೈದರಾಬಾದಿನ ಹುಡುಗಿಯೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಾರೆ.

ಜೋಯಿಡಾದ ಹುಡುಗಿಯ ಪ್ರಶ್ನೆ ಕಿವಿಯಲ್ಲೇ ಇತ್ತು. ಬರೆಯಲು ಕೂತೆ. ಎರಡು ವರ್ಷ ಎದುರಿಗೆ ಕೂತವಳು, ಆದರೂ ‘ಅವಳು’ ಎಂದು ಶುರುಮಾಡಿ ಮುಂದೆ ಹೋಗಲಾಗಲಿಲ್ಲ. ಮೂರನೇ ಬೆಂಚು, ಕಿಟಕಿಯ ಪಕ್ಕ. ಇಂಗ್ಲಿಷ್ ಮಾತಾಡಲು ಹಿಂಜರಿಕೆ. ಒಮ್ಮೆ ಪಠ್ಯದ ಒಂದು ಕಥೆಯ ಕೊನೆ ಸರಿಯಿಲ್ಲ ಎಂದು ಕನ್ನಡದಲ್ಲೇ ವಾದಿಸಿದ್ದಳು, ಮರುದಿನ ತನ್ನದೇ ಕೊನೆಯನ್ನು ಇಂಗ್ಲಿಷಿನಲ್ಲಿ ಬರೆದು ತಂದಿದ್ದಳು. ತಪ್ಪು ಹದಿನಾರಿದ್ದವು. ಕೊನೆ ಮಾತ್ರ ಮೂಲದ್ದಕ್ಕಿಂತ ಚೆನ್ನಾಗಿತ್ತು. ಇದನ್ನು ಬರೆದೆ. ಅರ್ಜಿಯಲ್ಲಿ ಕೇಳಿದ್ದು ಇನ್ನೂ ಇತ್ತು. ಇವಳಿಗೆ ಲೆಕ್ಕಾಚಾರದ ಬುದ್ಧಿ ಇದೆಯೇ, ಇತರರ ಜೊತೆ ಸೇರಿ ಕೆಲಸ ಮಾಡುವಳೇ? ನನಗೇನು ಗೊತ್ತು?

ಅವಳ ಹೈಸ್ಕೂಲು ಮಾಸ್ತರರ ನಂಬರು ಹುಡುಕಿ ಫೋನ್ ಮಾಡಿದೆ. ಅವರೂ ನಿವೃತ್ತರು, ಮಾತಿಗೆ ಮೂಡ್ ಇದ್ದವರು. “ಗಣಿತ ಅಷ್ಟಕ್ಕಷ್ಟೇರಿ” ಎಂದೇ ಶುರುಮಾಡಿದರು. “ಆದರ ಹುಡುಗಿ ಲೆಕ್ಕ ಪಕ್ಕಾ ಇತ್ತು.” ಹಾಗೆಂದರೇನು ಎಂದೆ. ಬಿಸಿಯೂಟದ ಅಕ್ಕಿ ಅಳೆಯುವಾಗ ಈ ಹುಡುಗಿ ದಿನಾ ಹೋಗಿ ನಿಲ್ಲುತ್ತಿದ್ದಳಂತೆ, ಅವಳನ್ನು ಯಾರೂ ಕರೆದಿರಲಿಲ್ಲ. ಒಂದು ತಿಂಗಳ ಕೊನೆಗೆ ವಹಿಯಲ್ಲಿ ಎರಡು ಕಿಲೋ ಹೆಚ್ಚು ಖರ್ಚು ಬಿದ್ದಿದೆ ಎಂದು ಇವರ ಬಳಿ ಬಂದಳು. ಕೂಡುವಾಗ ಇವರೇ ತಪ್ಪಿದ್ದರು. “ಎಲ್ಲಾರ ಮುಂದ ಹೇಳಲಿಲ್ರಿ ಸರ್. ಶಾಲಿ ಬಿಟ್ಟ ಮ್ಯಾಲೆ, ಸ್ಟಾಫ್ ರೂಮಿಗೆ ಬಂದು, ಮೆಲ್ಲಗ ಹೇಳಿದ್ಲು.”

ಮೂವತ್ತು ವರ್ಷದ ನನ್ನ ಶಿಫಾರಸುಗಳಲ್ಲಿ ಇದಕ್ಕಿಂತ ಒಳ್ಳೆಯ ವಾಕ್ಯವಿಲ್ಲ. ಅದನ್ನೇ ಇಂಗ್ಲಿಷಿಗೆ ಇಳಿಸಿ, ‘ಅವಳ ಹೈಸ್ಕೂಲು ಶಿಕ್ಷಕರು ನನಗೆ ಹೇಳಿದ್ದು’ ಎಂದು ಸ್ಪಷ್ಟವಾಗಿ ನಮೂದಿಸಿ ಸೇರಿಸಿದೆ. ಮಕ್ಕಳನ್ನು ನಿಜವಾಗಿ ನೋಡಿರುವವರು ಈ ಹಳ್ಳಿ ಮಾಸ್ತರರು, ಅಕ್ಕೋರುಗಳು. ಮಳೆಗಾಲದಲ್ಲಿ ಯಾರು ಹಳ್ಳ ದಾಟಿ ಬಂದರು, ಯಾರ ಮನೆಯಲ್ಲಿ ಜಗಳ, ಯಾರು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಪಾಠ ಕೇಳಿದರು, ಎಲ್ಲ ಅವರಿಗೆ ಗೊತ್ತು. ಅವರ ಇಂಗ್ಲಿಷ್ ಸಾಲದು ಎಂಬ ಒಂದೇ ಕಾರಣಕ್ಕೆ ಪತ್ರ ಬರೆಯುವ ಕೆಲಸ ನಮ್ಮಂಥ ಏನೂ ನೋಡದವರ ಪಾಲಾಗಿದೆ. ನಾವು ಒಂದು ಫೋನಾದರೂ ಮಾಡಬಹುದಲ್ಲ?

ಪತ್ರ ಬರೆದ ಮೇಲೆ ಅವಳಿಗೆ ತೋರಿಸಬೇಕೋ ಬೇಡವೋ ಎಂಬ ಜಿಜ್ಞಾಸೆ ಬಂತು. ಅಮೆರಿಕದಲ್ಲಿ 1974ರ ಕಾನೂನಿನ ಪ್ರಕಾರ ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕಿದೆ. ಹಾಗಾಗಿ ಅರ್ಜಿಯಲ್ಲಿ ‘ಈ ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೇನೆ’ ಎಂದು ಗುರುತು ಹಾಕುವ ಚೌಕವಿರುತ್ತದೆ. ಹಕ್ಕು ಬಿಟ್ಟರೆ ಪತ್ರಕ್ಕೆ ಹೆಚ್ಚು ನಂಬಿಕೆ ಎಂಬ ಲೆಕ್ಕ. ಇವಳದು ಯುರೋಪಿನ ಅರ್ಜಿ, ಆ ಚೌಕವಿರಲಿಲ್ಲ. ಆದರೂ ತೋರಿಸಲಿಲ್ಲ. ಅವಳೂ ಕೇಳಲಿಲ್ಲ.

ಎರಡನೇ ಪತ್ರದ್ದೇ ಪೀಕಲಾಟ. ಅವಳಿಗೆ ಸಸ್ಯಶಾಸ್ತ್ರ ಕಲಿಸಿ, ಕಾಡಿಗೆ ಕರೆದುಕೊಂಡು ಹೋಗಿ, ಒಂದೊಂದು ಮರದ ತೊಗಟೆ ಮುಟ್ಟಿಸಿ ಹೆಸರು ಹೇಳಿಸಿದವರು ಒಬ್ಬ ಅತಿಥಿ ಉಪನ್ಯಾಸಕರು. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಇಂಥ ಸಾವಿರಾರು ಜನರಿಂದ. ಅವರ ನೇಮಕ ವರ್ಷ ವರ್ಷದ್ದು. ಈ ಸಲ ಇದ್ದವರು ಮುಂದಿನ ಸಲ ಇರುವರೆಂಬ ಭರವಸೆಯಿಲ್ಲ. ಮಗುವಿಗೆ ಪತ್ರ ಬೇಕಾಗುವುದು ಮೂರು ನಾಲ್ಕು ವರ್ಷದ ನಂತರ. ಅಷ್ಟರಲ್ಲಿ ಕಲಿಸಿದವರು ಕಾಲೇಜಿನಲ್ಲಿರುವುದಿಲ್ಲ, ಅವರಿಗೆ ಲೆಟರ್‌ಹೆಡ್ ಇಲ್ಲ, ಶಿಕ್ಕಾ ಇಲ್ಲ, ಕಾಲೇಜಿನ ಹೆಸರಿರುವ ಇಮೇಲ್ ಇದ್ದದ್ದೇ ಇಲ್ಲ. ಎಷ್ಟೋ ವಿಶ್ವವಿದ್ಯಾಲಯಗಳು ಜಿಮೇಲ್‌ನಿಂದ ಬಂದ ಪತ್ರವನ್ನು ಅನುಮಾನದಿಂದಲೇ ನೋಡುತ್ತವೆ. ಸೋಜಿಗವೆಂದರೆ ದಾಂಡೇಲಿಯಲ್ಲಿ 1959ರಿಂದ ಕಾಗದದ ಕಾರ್ಖಾನೆಯಿದೆ. ಅರ್ಧ ದೇಶಕ್ಕೆ ಬರೆಯಲು ಹಾಳೆ ಕೊಟ್ಟ ಊರಿನಲ್ಲಿ ಈ ಮನುಷ್ಯನಿಗೆ ಹೆಸರು ಅಚ್ಚಾದ ಒಂದು ಹಾಳೆಯಿಲ್ಲ.

ಬೇರೆ ಯಾರಾದರೂ ಕಾಯಂ ಅಧ್ಯಾಪಕರನ್ನು ಕೇಳು ಎಂದು ನಾನೇ ಅವಳಿಗೆ ಸಲಹೆ ಕೊಟ್ಟೆ. “ಅವರಿಗೆ ನನ್ನ ಹೆಸರ ಗೊತ್ತಿಲ್ರಿ ಸರ್” ಎಂದಳು. ಕೊನೆಗೆ ಆ ಅತಿಥಿ ಉಪನ್ಯಾಸಕರನ್ನೇ ಹುಡುಕಿದಳು. ಅವರು ಈಗ ಗಣೇಶಗುಡಿಯ ಹತ್ತಿರ ಒಂದು ಹೋಂಸ್ಟೇಯಲ್ಲಿದ್ದಾರೆ. ಬೆಳಿಗ್ಗೆ ಪ್ರವಾಸಿಗರಿಗೆ ಮಂಗಟ್ಟೆ ಹಕ್ಕಿ ತೋರಿಸುವುದು, ಮಧ್ಯಾಹ್ನ ಬುಕಿಂಗ್ ನೋಡುವುದು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಕೂತು, ಪ್ರವಾಸಿಗರೆಲ್ಲ ರ‍್ಯಾಫ್ಟಿಂಗಿಗೆ ಹೋದ ಹೊತ್ತಿನಲ್ಲಿ, ಎರಡು ದಿನ ಬರೆದರಂತೆ. ಕಳಿಸುವ ಮುಂಚೆ ಇಂಗ್ಲಿಷ್ ತಿದ್ದಿಕೊಡಿ ಎಂದು ನನಗೆ ಕಳಿಸಿದರು. ತಿದ್ದುವಂಥದ್ದು ಹೆಚ್ಚಿರಲಿಲ್ಲ. ಒಂದು ಪೂರ್ತಿ ಪ್ಯಾರಾ, ಈ ಹುಡುಗಿ ಅವರೇ ತಪ್ಪು ಹೆಸರಿಟ್ಟಿದ್ದ ಒಂದು ಗಿಡವನ್ನು ಮೂರು ವಾರ ಹಿಂಬಾಲಿಸಿ, ಹೂಬಿಡುವವರೆಗೆ ಕಾದು, ಸರಿ ಹೆಸರು ಹುಡುಕಿದ್ದರ ಬಗ್ಗೆ. ಅದನ್ನೂ ಅವಳು ತರಗತಿಯಲ್ಲಿ ಹೇಳಲಿಲ್ಲವಂತೆ, ಬಸ್ಸಿಗೆ ಕಾಯುವಾಗ ಮೆಲ್ಲಗೆ ಹೇಳಿದಳಂತೆ. ಓದುತ್ತಾ ನನಗೆ ಅಕ್ಕಿಯ ವಹಿ ನೆನಪಾಯಿತು. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಇಬ್ಬರು ಮಾಸ್ತರರು, ಐದಾರು ವರ್ಷದ ಅಂತರದಲ್ಲಿ, ಒಂದೇ ಹುಡುಗಿಯನ್ನು ನೋಡಿದ್ದರು.

ಕಡೆಯ ದಿನ ರಾತ್ರಿ ಒಂಬತ್ತೂವರೆಗೆ ಆ ಅತಿಥಿ ಉಪನ್ಯಾಸಕರ ಫೋನ್. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿ ನಿಂತಿದ್ದರು, ಗಾಳಿ ಕೇಳಿಸುತ್ತಿತ್ತು.

“ಸರ್, ಲೆಟರ್ ಏರಸೇನ್ರಿ. ಡೆಸಿಗ್ನೇಶನ್ ಅಂತ ಒಂದ್ ಬಾಕ್ಸ್ ಐತ್ರಿ. ಅದನ್ನ ತುಂಬದ ಮುಂದ ಹೋಗವಲ್ದು. ಮಾಜಿ ಅತಿಥಿ ಉಪನ್ಯಾಸಕ ಅಂತ ಹೊಡದ್ರ ಹಿಡಸವಲ್ದು.”

“ಎಷ್ಟ್ ಅಕ್ಷರ ಹಿಡಸ್ತೈತಿ?”

“ಹತ್ತ್ ಅಂತ ತೋರಸಾಕತ್ತೈತ್ರಿ. ಅದಕ್ಕ ಮಾಜಿ ತಗದೆ. ಇನ್ನೂ ಹಿಡಸ್ಲಿಲ್ಲ. ಆಮ್ಯಾಲೆ ಅತಿಥೀನೂ ತಗದೆ.” ಸ್ವಲ್ಪ ಸುಮ್ಮನಿದ್ದರು. “ಉಪನ್ಯಾಸಕ ಅಂತ ಅಷ್ಟ ಉಳದೈತ್ರಿ ಸರ್. ನಡೀತೈತಲ್ರಿ?”

“ನಡೀತೈತಿ, ಒತ್ರಿ” ಎಂದೆ.